ಹ್ಯೂಮನ್ ಆಲ್ಬುಮಿನ್ 20% ಬಾಟ್ಲಿ: ಯಾವಾಗ ದುಡ್ಡಿಗೆ ತಕ್ಕ ಬೆಲೆ, ಯಾವಾಗ ದಂಡ

ಡ್ರಿಪ್ ಹಾಕೋ 100 ಎಂಎಲ್ ಗಾಜಿನ ಬಾಟ್ಲಿ, ಒಳಗೆ 20 ಗ್ರಾಂ ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್, ತಿಳಿ ಹಳದಿ ಬಣ್ಣ. ಲಿವರ್ ಕೆಟ್ಟು ಹೊಟ್ಟೇಲಿ ತುಂಬ್ಕೊಂಡ ನೀರು ತೆಗೆಸೋ ದಿನಕ್ಕೆ ಇದಕ್ಕೆ ಐದಕ್ಕೆ ಐದು ಸ್ಟಾರ್ ಕೊಡ್ತೀನಿ. ಅದೇ "ತುಂಬಾ ಸುಸ್ತಾಗಿದಾರೆ, ಶಕ್ತಿಗೆ ಒಂದು ಬಾಟ್ಲಿ ಹಾಕ್ಸಿಬಿಡಿ" ಅಂತ ಯಾರಾದ್ರೂ ಬರ್ಕೊಟ್ರೆ ಒಂದು ಸ್ಟಾರೂ ಕೊಡಲ್ಲ. ಲಿವರ್ ಪೇಷೆಂಟ್ ಮನೆಯವ್ರು ಒಡವೆ ಅಡ ಇಟ್ಟು ಈ ಬಾಟ್ಲಿ ತರೋದನ್ನ ವಾರ್ಡಲ್ಲಿ ಕಣ್ಣಾರೆ ನೋಡಿದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು.

ನಮ್ಮಪ್ಪ ಒಂದು ತೊಟ್ಟು ಕುಡಿದವ್ರಲ್ಲ. ಶುಗರ್ ಇತ್ತು, ಸ್ಕ್ಯಾನಿಂಗ್ ಮಾಡ್ಸಿದಾಗೆಲ್ಲ ಫ್ಯಾಟಿ ಲಿವರ್ ಅಂತ ಬರ್ತಿತ್ತು, ಅದು ಎಲ್ರಿಗೂ ಇರತ್ತೆ ಬಿಡಿ ಅಂತ ನೆಂಟ್ರು ಪಕ್ಕದ ಮನೆಯವ್ರು ಎಲ್ಲ ಹೇಳ್ತಿದ್ರು, ಕೊನೆಗೆ ಸಿರೋಸಿಸ್ ಆಗಿ, ಅಂದ್ರೆ ಲಿವರ್ ಹಾಳಾಗಿ ಗಟ್ಟಿಯಾಗಿ, ಹೊಟ್ಟೇಲಿ ನೀರು ತುಂಬಿ ಕಾಲು ಊದ್ಕೊಂಡು ಒತ್ತಿದ್ರೆ ಗುಳಿ ಬೀಳೋ ಹಂತಕ್ಕೆ ಬಂತು. ಎಲ್‌ಎಫ್‌ಟಿ (ಲಿವರ್‌ಗೆ ಮಾಡೋ ಬ್ಲಡ್ ಟೆಸ್ಟ್) ರಿಪೋರ್ಟಲ್ಲಿ ಆಲ್ಬುಮಿನ್ 2.4, ಪಕ್ಕದಲ್ಲೇ ನಾರ್ಮಲ್ 3.5ರಿಂದ 5 ಅಂತ ಪ್ರಿಂಟ್ ಆಗಿತ್ತು. ಆ 2.4 ನೋಡಿದ್ರೆ ಯಾರಿಗಾದ್ರೂ ಅನ್ಸೋದು ಒಂದೇ, ಹೊರಗಿಂದ ತುಂಬಿಸಿ ಅದನ್ನ 3.5 ಮಾಡ್ಬಿಡೋಣ ಅಂತ. ಈ ಬಾಟ್ಲಿ ಅತಿ ಹೆಚ್ಚು ವೇಸ್ಟ್ ಆಗೋದು ಆ ಆಸೆಯಿಂದಾನೇ.

ಮೊದಲು ಇದರ ಕೆಲಸ ಏನು ಅಂತ ಹೇಳ್ಬಿಡ್ತೀನಿ. ಆಲ್ಬುಮಿನ್ ತಯಾರಾಗೋದು ಲಿವರಲ್ಲಿ. ಚೆನ್ನಾಗಿರೋ ಲಿವರ್ ದಿನಕ್ಕೆ ಸುಮಾರು 10ರಿಂದ 15 ಗ್ರಾಂ ಮಾಡತ್ತೆ, ಮಾಡಿದ್ದನ್ನ ಕೂಡಿಟ್ಕೊಳ್ಳಲ್ಲ, ಆಗಿಂದಾಗ್ಲೇ ರಕ್ತಕ್ಕೆ ಬಿಡತ್ತೆ. ಪ್ಲಾಸ್ಮಾ ಅಂದ್ರೆ ರಕ್ತದ ದ್ರವ ಭಾಗ, ಅದರಲ್ಲಿರೋ ಪ್ರೋಟೀನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ನೀರು ರಕ್ತನಾಳ ಬಿಟ್ಟು ಆಚೆ ಹೋಗ್ದಂಗೆ ಒಳಗೇ ಹಿಡಿದಿಡೋ ಸೆಳೆತ ಇದೆಯಲ್ಲ, ಅದರಲ್ಲಿ ಮುಕ್ಕಾಲು ಪಾಲು ಆಲ್ಬುಮಿನ್ನಿಂದ ಬರತ್ತೆ, ಅದು ಕಮ್ಮಿ ಆದ್ರೆ ನೀರು ಆಚೆ ಜಿನುಗತ್ತೆ. ಇದಲ್ದೆ ಸಾಗಣೆ ಕೆಲಸಾನೂ ಮಾಡತ್ತೆ: ಕಾಮಾಲೆ ತರೋ ಬಿಲಿರುಬಿನ್, ಕೊಬ್ಬಿನ ಆಮ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್, ಫಿಟ್ಸ್‌ಗೆ ಕೊಡೋ ಫೆನಿಟೋಯಿನ್ ಥರದ ಮಾತ್ರೆಗಳು, ಇವೆಲ್ಲ ರಕ್ತದಲ್ಲಿ ಓಡಾಡೋದು ಬಹುಪಾಲು ಇದಕ್ಕೆ ಅಂಟ್ಕೊಂಡೇ, ಕ್ಯಾಲ್ಸಿಯಂನಲ್ಲೂ ಒಂದು ಪಾಲು ಹಾಗೇ. ಅದಕ್ಕೇ ಆಲ್ಬುಮಿನ್ ಬಿದ್ದಾಗ ಬ್ಲಡ್ ಟೆಸ್ಟಲ್ಲಿ ಕ್ಯಾಲ್ಸಿಯಂ ಕೂಡ ಕಮ್ಮಿ ತೋರ್ಸತ್ತೆ, ನಿಜವಾಗ್ಲೂ ಕಮ್ಮಿ ಇರ್ಬೇಕು ಅಂತೇನಿಲ್ಲ. ಕ್ಯಾಲ್ಸಿಯಂ ಮಾತ್ರೆ ತಗೊಳ್ಳೋ ಮುಂಚೆ ಡಾಕ್ಟ್ರ ಹತ್ರ ಇದನ್ನ ಕೇಳಿ.

ಆದ್ರೆ ಸಿರೋಸಿಸ್‌ನಲ್ಲಿ ಹೊಟ್ಟೆಗೆ ನೀರು ಬರೋಕೆ ಆಲ್ಬುಮಿನ್ ಕಮ್ಮಿ ಆಗಿರೋದೊಂದೇ ಕಾರಣ ಅಲ್ಲ. ಲಿವರ್ ಗಟ್ಟಿಯಾಗಿ ಅದಕ್ಕೆ ಹೋಗೋ ಪೋರ್ಟಲ್ ನಾಳದಲ್ಲಿ ಪ್ರೆಶರ್ ಏರಿರತ್ತೆ, ಕಿಡ್ನಿ ಬೇರೆ ಉಪ್ಪು ನೀರು ಎರಡನ್ನೂ ಬಿಡ್ದೆ ಹಿಡ್ಕೊಂಡಿರತ್ತೆ. ಬಾಟ್ಲಿ ಹಾಕಿದ್ರೆ ಆ ಪ್ರೆಶರ್ ಇಳಿಯಲ್ಲ.

ಈಗ ಐದು ಸ್ಟಾರ್ ಯಾಕೆ ಅಂತ. ಅಪ್ಪನಿಗೆ ಮೊದಲ ಸಲ ಟ್ಯಾಪಿಂಗ್, ಅಂದ್ರೆ ಸೂಜಿ ಹಾಕಿ ಹೊಟ್ಟೆ ನೀರು ತೆಗೆಯೋದು, ಮಾಡಿದ್ದು ಒಂದು ನರ್ಸಿಂಗ್ ಹೋಮಲ್ಲಿ, ಹೆಸರು ಬೇಡ. ಒಂದೇ ಸಲಕ್ಕೆ ತುಂಬಾ ನೀರು ತೆಗೆದ್ರು, ಆಲ್ಬುಮಿನ್ ಹಾಕ್ಲಿಲ್ಲ, ಸಲೈನ್ ಸಾಕು ಅಂದ್ರು. ಸಂಜೆ ಅಪ್ಪ ಹೊಟ್ಟೆ ಹಗುರ ಆಯ್ತು ಅಂತ ಖುಷಿಯಾಗಿದ್ರು, ಆಮೇಲೆ ಬಿಪಿ ಇಳೀತು, ಯೂರಿನ್ ಕಮ್ಮಿ ಆಯ್ತು, ಕಿಡ್ನಿ ಸ್ಥಿತಿ ತೋರ್ಸೋ ಕ್ರಿಯಾಟಿನಿನ್ ಏರ್ತು, ನಾವು ಗಾಬರಿಯಾಗಿ ಓಡಾಡಿದ್ದು ಈಗ ನೆನೆಸ್ಕೊಂಡ್ರೂ ಕೈ ನಡುಗತ್ತೆ. ಆಮೇಲೆ ತೋರ್ಸಿದ ಲಿವರ್ ಡಾಕ್ಟ್ರು ಬಿಡಿಸಿ ಹೇಳಿದ್ರು: ಒಮ್ಮೆಗೇ ತುಂಬಾ ನೀರು ತೆಗೆದಾಗ ರಕ್ತನಾಳಗಳು ಸಡಿಲಾಗಿ ಒಳಗೆ ರಕ್ತದ ಪ್ರಮಾಣ ಸಾಲದೆ ಹೋಗತ್ತೆ, ಮೊದಲು ಒದ್ದಾಡೋದು ಕಿಡ್ನಿ. 5 ಲೀಟರ್‌ಗಿಂತ ಜಾಸ್ತಿ ತೆಗೆದ್ರೆ, ತೆಗೆದ ಪ್ರತಿ ಲೀಟರ್‌ಗೆ 6ರಿಂದ 8 ಗ್ರಾಂ ಆಲ್ಬುಮಿನ್ ಕೊಡ್ಬೇಕು. 8 ಲೀಟರ್ ಅಂದ್ರೆ ಹತ್ರತ್ರ ಮೂರು ಬಾಟ್ಲಿ. ಬಾರ್ಸಿಲೋನಾದ ಡಾಕ್ಟ್ರುಗಳು ಟ್ಯಾಪಿಂಗ್ ಜೊತೆ ಆಲ್ಬುಮಿನ್ ಕೊಟ್ಟು, ಕೊಡ್ದೆ, ಎರಡನ್ನೂ ಹೋಲಿಸಿ ನೋಡಿದ ಸ್ಟಡಿ 1988ರಲ್ಲೇ ಬಂದಿದೆ, ಕೊಡದೇ ಇದ್ದವ್ರಲ್ಲೇ ಕಿಡ್ನಿ ತೊಂದ್ರೆ, ಸೋಡಿಯಂ ಇಳಿಯೋದು ಜಾಸ್ತಿ ಇತ್ತು. ಅಂದ್ರೆ ಇದೇನು ನಿನ್ನೆ ಮೊನ್ನೆ ಗೊತ್ತಾಗಿದ್ದಲ್ಲ! ಅಲ್ಲಿಂದ ಮುಂದಕ್ಕೆ ಅಪ್ಪನಿಗೆ ಡೇ ಕೇರಲ್ಲಿ ಲೆಕ್ಕ ಹಾಕಿ ಆಲ್ಬುಮಿನ್ ಕೊಟ್ಟೇ ನೀರು ತೆಗೀತಾರೆ, ಬಿಪಿ ಹಿಂದಿನ ಥರ ಇಳಿದಿಲ್ಲ, ಸಂಜೆ ಮನೆಗೆ ಬಂದು ಊಟ ಮಾಡಿ ಮಲಗ್ತಾರೆ.

ಇನ್ನೊಂದು ಕಡೆ ಇದು ಜೀವ ಉಳಿಸತ್ತೆ, ಹೊಟ್ಟೆ ನೀರಿಗೇ ಇನ್ಫೆಕ್ಷನ್ ಆದಾಗ. 1999ರಲ್ಲಿ ಬಂದ ಸ್ಪೇನ್ ಸ್ಟಡಿ ಪ್ರಕಾರ ಬರೀ ಆಂಟಿಬಯೋಟಿಕ್ ಕೊಟ್ಟವ್ರಲ್ಲಿ ಕಿಡ್ನಿ ಹಾಳಾಗಿದ್ದು 33%, ಜೊತೆಗೆ ಆಲ್ಬುಮಿನ್ ಕೊಟ್ಟವ್ರಲ್ಲಿ 10%. ಆಸ್ಪತ್ರೇಲೇ ತೀರ್ಕೊಂಡವ್ರು 29%, ಆಲ್ಬುಮಿನ್ ಕೊಟ್ಟವ್ರಲ್ಲಿ 10%. ಇಂಥ ಟೈಮಲ್ಲಿ ಡಾಕ್ಟ್ರು ಬಾಟ್ಲಿ ತನ್ನಿ ಅಂದ್ರೆ ರೇಟ್ ನೋಡ್ಬೇಡಿ, ದಯವಿಟ್ಟು.

ಹಾಗಾದ್ರೆ ಸುಮ್ನೆ ನಂಬರ್ ಏರಿಸೋಕೆ ಹಾಕಿದ್ರೆ ಏನಾಗತ್ತೆ? ಬ್ರಿಟನ್ನಲ್ಲಿ ಅಟೈರ್ ಅಂತ ಒಂದು ದೊಡ್ಡ ಟ್ರಯಲ್ ಮಾಡಿದ್ರು, ರಿಸಲ್ಟ್ ಬಂದಿದ್ದು 2021ರಲ್ಲಿ, ಆಸ್ಪತ್ರೇಲಿ ಅಡ್ಮಿಟ್ ಆಗಿದ್ದ 777 ಸಿರೋಸಿಸ್ ಪೇಷೆಂಟ್ಸ್. ಅರ್ಧ ಜನಕ್ಕೆ ಆಲ್ಬುಮಿನ್ 3ಕ್ಕೆ ಏರೋ ಹಾಗೆ ದಿನಾ ಹಾಕಿದ್ರು, ನಂಬರ್ ಏರ್ತು, ಆದ್ರೆ ಇನ್ಫೆಕ್ಷನ್ನಾಗ್ಲಿ ಕಿಡ್ನಿ ತೊಂದ್ರೆಯಾಗ್ಲಿ ಸಾವಾಗ್ಲಿ ಕಮ್ಮಿ ಆಗ್ಲಿಲ್ಲ, ಬದಲಿಗೆ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರಾಟಕ್ಕೆ ಕಷ್ಟ ಆದವ್ರು ಜಾಸ್ತಿ. ಇಟಲಿಯವ್ರದ್ದು ಬೇರೆ ಕಥೆ, 2018ರ ಸ್ಟಡೀಲಿ ವಾರಕ್ಕೆ 40 ಗ್ರಾಂ ಥರ ತಿಂಗಳುಗಟ್ಲೆ ಕೊಟ್ಟಾಗ ಬದುಕುಳಿದವ್ರು ಜಾಸ್ತಿ ಇದ್ರು. ಅದನ್ನ ನಮ್ಮ ಥರದ ಮನೆಯವ್ರು ಕೈಯಿಂದ ದುಡ್ಡು ಹಾಕಿ ನಡೆಸೋಕಾಗಲ್ಲ, ವಾರಾವಾರ ಎರಡು ಬಾಟ್ಲಿ ಅಂದ್ರೆ ಸಂಬಳ ಪೂರ್ತಿ ಅದಕ್ಕೇ. ಹಾಗಂತ ಅಲ್ಲೊಂದು ಇಲ್ಲೊಂದು ಬಾಟ್ಲಿ ಹಾಕ್ಸಿದ್ರೆ ಆ ಸ್ಟಡಿ ಲಾಭ ನಮಗೂ ಸಿಗತ್ತೆ ಅಂತ ಅಂದ್ಕೋಬೇಡಿ.

ಬಾಟ್ಲಿ ಒಳಗಿರೋದು ಎಲ್ಲಿಂದ ಬಂತು ಅನ್ನೋದೂ ಗೊತ್ತಿರ್ಲಿ. ಇದು ಸಾವಿರಾರು ಜನ ಕೊಟ್ಟ ಪ್ಲಾಸ್ಮಾದಿಂದ ಬೇರ್ಪಡಿಸಿ ತೆಗೆದಿದ್ದು. ಎರಡನೇ ಮಹಾಯುದ್ಧದ ಟೈಮಲ್ಲಿ ಹಾರ್ವರ್ಡ್‌ನ ಎಡ್ವಿನ್ ಕೋನ್ ಅನ್ನೋರು ತಣ್ಣಗಿನ ಆಲ್ಕೋಹಾಲ್ ಬಳಸಿ ಇದನ್ನ ಬೇರೆ ಮಾಡೋ ದಾರಿ ಕಂಡ್ಹಿಡಿದ್ರು, 1941ರ ಡಿಸೆಂಬರಲ್ಲಿ ಪರ್ಲ್ ಹಾರ್ಬರ್ ಗಾಯಾಳುಗಳಿಗೆ ಕೊಟ್ರು. ಈಗ್ಲೂ 60 ಡಿಗ್ರೀಲಿ 10 ಗಂಟೆ ಬಿಸಿ ಇಟ್ಟು ವೈರಸ್ ಕೊಲ್ತಾರೆ. ಬ್ಲಡ್ ಗ್ರೂಪ್ ಮ್ಯಾಚ್ ಮಾಡೋ ಅಗತ್ಯ ಇಲ್ಲ. ಯಾರೋ ಗುರುತೇ ಇಲ್ಲದೋರ ರಕ್ತದ ಸಾರ ಅಪ್ಪನ ಕೈಗೆ ಹನಿಹನಿಯಾಗಿ ಇಳಿಯೋದು ನೋಡ್ತಾ ಕೂತಾಗ ಅವ್ರಿಗೆಲ್ಲ ಕೈ ಮುಗಿಬೇಕು ಅನ್ಸತ್ತೆ, ಅಂಥದನ್ನ ಟಾನಿಕ್ ಥರ ಸುರಿಯೋದು ನೋಡಿದ್ರೆ ಹೊಟ್ಟೆ ಉರಿಯತ್ತೆ.

ತಗೊಳ್ಳೋರಿಗೆ ಪ್ರಾಕ್ಟಿಕಲ್ ವಿಷಯ. ಆಸ್ಪತ್ರೆ ಒಳಗಿನ ಫಾರ್ಮಸೀಲಿ ನಮಗೆ ಪೂರ್ತಿ ಎಂಆರ್‌ಪಿ ಹಾಕಿದ್ರು, ಅದೇ ಬ್ರಾಂಡ್ ಹೊರಗೆ ಡಿಸ್ಕೌಂಟಲ್ಲಿ ಸಿಕ್ತು, ಮುಂಚೆನೇ ಕೇಳಿ ಇಟ್ಕೊಳ್ಳಿ. ಆದ್ರೆ ಕಮ್ಮಿ ಸಿಗತ್ತೆ ಅಂತ ಬಿಲ್ ಇಲ್ದೆ ಯಾರ ಹತ್ರಾನೂ ತಗೋಬೇಡಿ. ಸೀಲ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡಿ, ಲೇಬಲ್ ಮೇಲೆ ಎಷ್ಟು ಡಿಗ್ರೀಲಿ ಇಡ್ಬೇಕು ಅಂತ ಬರೆದಿರತ್ತೆ, ಹಾಗೇ ಇಡಿ, ಫ್ರೀಜರಲ್ಲಂತೂ ಇಡಲೇಬಾರ್ದು. ದ್ರವ ಮಬ್ಬಾಗಿದ್ರೆ, ಒಳಗೆ ಎಳೆ ಥರ ಏನಾದ್ರೂ ತೇಲ್ತಿದ್ರೆ ವಾಪಸ್ ಕೊಡಿ. ಕುಲುಕ್ಬೇಡಿ, ನೊರೆ ಬರತ್ತೆ. ಗಾಜಿನ ಬಾಟ್ಲಿಗೆ ಗಾಳಿ ಹೋಗೋ ಸೆಟ್ ಬೇಕು, ಇಲ್ದಿದ್ರೆ ಅರ್ಧಕ್ಕೇ ಡ್ರಿಪ್ ನಿಲ್ಲತ್ತೆ, ಪ್ಯಾಕಿಂಗಿಗೆ ನಾನು ಒಂದು ಮಾರ್ಕ್ ಕಟ್ ಮಾಡೋದಿದ್ರೆ ಇದಕ್ಕೇ. ಡ್ರಿಪ್ ನಿಧಾನಕ್ಕೆ ಹೋಗ್ಬೇಕು, ಬೇಗ ಮುಗೀಲಿ ಅಂತ ನೀವೇ ವೀಲ್ ತಿರುಗಿಸ್ಬೇಡಿ, ಪೇಷೆಂಟ್‌ಗೆ ದಮ್ಮು ಬಂದಂಗಾದ್ರೆ, ಚಳಿ ನಡುಕ, ಮೈ ತುರಿಕೆ ಶುರುವಾದ್ರೆ ತಕ್ಷಣ ಸಿಸ್ಟರ್‌ನ ಕರೀರಿ. ಬಾಟ್ಲಿ ತೆರೆದ್ಮೇಲೆ ಉಳಿದಿದ್ದನ್ನ ನಾಳೆಗೆ ಅಂತ ಎತ್ತಿಡೋ ಹಾಗಿಲ್ಲ.

ಆಲ್ಬುಮಿನ್ ಜಾಸ್ತಿ ಮಾಡತ್ತೆ ಅಂತ ಮೊಟ್ಟೆ ಬಿಳಿ ಪೌಡರ್ ಡಬ್ಬ ಮಾರ್ತಾರಲ್ಲ, ಅದನ್ನೂ ತಂದಿದ್ವಿ. ಮೊಟ್ಟೆ ಬಿಳಿಯಲ್ಲಿರೋ ಪ್ರೋಟೀನ್ ಹೊಟ್ಟೇಲಿ ಜೀರ್ಣ ಆಗಿ ಅಮೈನೋ ಆಸಿಡ್ ಆಗತ್ತೆ, ಅದರಿಂದ ಆಲ್ಬುಮಿನ್ ಕಟ್ಬೇಕಾಗಿರೋದು ಮತ್ತೆ ಅದೇ ಸೋತ ಲಿವರ್ರೇ. ಹಾಗಂತ ಪ್ರೋಟೀನ್ ಬಿಡಿಸ್ಬೇಡಿ, ಲಿವರ್ ಪೇಷೆಂಟ್‌ಗೆ ತೂಕದ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು, ಇಲ್ಲಾಂದ್ರೆ ಮಾಂಸಖಂಡ ಕರಗತ್ತೆ. ನಮ್ಮನೇಲಿ ಹೆಸರುಕಾಳು, ಮೊಸರು, ಬೇಯಿಸಿದ ಮೊಟ್ಟೆ, ರಾತ್ರಿ ಮಲಗೋ ಮುಂಚೆ ಉಪ್ಪಿಲ್ದೆ ಹಾಲು ಹಾಕಿದ ರಾಗಿ ಗಂಜಿ. ಡಬ್ಬಕ್ಕೆ ಎರಡು ಸ್ಟಾರ್, ಬಾಯಿ ರುಚಿ ಸತ್ತು ಊಟ ಸೇರದ ದಿನಕ್ಕೆ ಮಾತ್ರ, ಅದೂ ಹಿಂದುಗಡೆ ಸೋಡಿಯಂ ಎಷ್ಟಿದೆ ಅಂತ ಓದಿ ಡಾಕ್ಟ್ರಿಗೆ ತೋರ್ಸಿ ತಗೊಳ್ಳಿ.