ಬಾಲ್ಕನಿಗೆ ಯಾವ ಫರ್ನ್? ಮೂರನ್ನೂ ಬೆಳೆಸಿ ನೋಡಿದೆ

ನಮ್ಮದು ಬೆಂಗಳೂರಿನಲ್ಲಿ 2ನೇ ಮಹಡಿ ಮನೆ. ಬಾಲ್ಕನಿ ಪೂರ್ವಕ್ಕಿದೆ. ಬೆಳಿಗ್ಗೆ 9ರ ತನಕ ಎಳೆ ಬಿಸಿಲು, ಆಮೇಲೆ ನೆರಳು. ಎರಡು ವರ್ಷದಿಂದ ಇಲ್ಲಿ ಬೋಸ್ಟನ್ ಫರ್ನ್, ಹಾಲಿ ಫರ್ನ್, ಬರ್ಡ್ಸ್ ನೆಸ್ಟ್ ಫರ್ನ್ ಮೂರನ್ನೂ ಅಕ್ಕಪಕ್ಕ ಇಟ್ಟು ಬೆಳೆಸಿದ್ದೇನೆ. ಮೂರೂ ವರ್ಷವಿಡೀ ಹಸಿರಾಗಿರುವ ಜರಿಗಿಡಗಳೇ. ಆದರೆ ಸ್ವಭಾವ ಮಾತ್ರ ಒಂದೊಂದರದು ಒಂದೊಂದು.

ನೋಡೋಕೆ ಚೆಂದ ಅಂದರೆ ಬೋಸ್ಟನ್. ತೂಗು ಕುಂಡದಿಂದ ಸುತ್ತಲೂ ಇಳಿಬಿದ್ದರೆ ಕಣ್ಣು ತುಂಬುತ್ತದೆ. ಆದರೆ ಫೆಬ್ರವರಿ ಬಂದು ಗಾಳಿ ಒಣಗಿತೋ, ಕಷ್ಟ ಶುರು. ಒಂದು ದಿನ ನೀರು ತಪ್ಪಿದರೂ ಪುಟ್ಟ ಎಲೆಗಳು ಉದುರಿ ನೆಲವೆಲ್ಲ ಕಸ. ಮಳೆ ಶುರುವಾದಾಗ ಒಣಗಿದ ಗರಿಗಳನ್ನೆಲ್ಲ ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿದೆ. ಸುರುಳಿ ಸುರುಳಿಯಾಗಿ ಹೊಸ ಚಿಗುರು ಬಂತು.

ಬರ್ಡ್ಸ್ ನೆಸ್ಟ್ ಎಲೆ ಅಗಲ, ನುಣುಪು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಹೋಗುತ್ತದೆ. ಕಾಡಿನಲ್ಲಿ ಇದು ಮರದ ಮೇಲೆ ಕೂತು, ಬಿದ್ದ ತರಗೆಲೆಯನ್ನು ತನ್ನ ಬುಟ್ಟಿಯಂಥ ಎಲೆಸುತ್ತಿನ ನಡುವೆ ಹಿಡಿದು ಗೊಬ್ಬರ ಮಾಡಿಕೊಳ್ಳುತ್ತದೆ. ಹಾಗಂತ ನಾನೂ ನಡುವಿಗೇ ನೀರು ಹುಯ್ದೆ. ಮನೆಯಲ್ಲಿ ಕಾಡಿನಷ್ಟು ಗಾಳಿ ಆಡುವುದಿಲ್ಲ, ಅಲ್ವಾ? ನೀರು ನಿಂತು ಸುಳಿಯೇ ಕೊಳೆತು, ಮೊದಲ ಗಿಡ ಹೋಯಿತು. ಈಗ ಅಂಚಿನ ಮಣ್ಣಿಗಷ್ಟೇ ನೀರು. ಎರಡನೇ ಗಿಡ ಚೆನ್ನಾಗಿದೆ.

ನನ್ನ ಮನಸ್ಸು ಗೆದ್ದಿದ್ದು ಹಾಲಿ. ಜಪಾನ್, ಕೊರಿಯಾ, ಚೀನಾ ಕಡೆಯ ಗಿಡ. ಅಲ್ಲಿ ಕಡಲತೀರದ ಬಂಡೆಗಳ ಸಂದಿಯಲ್ಲೂ ಬೆಳೆಯುತ್ತದೆ. ಅದಕ್ಕೇ ಎಲೆ ಚರ್ಮದ ಹಾಗೆ ದಪ್ಪ, ಮೇಲೆ ಮಿರುಗು. ಕಳೆದ ಮಾರ್ಚ್‌ನಲ್ಲಿ 6 ದಿನ ಊರಿಗೆ ಹೋಗಿದ್ದೆವು. ವಾಪಸ್ ಬಂದಾಗ ಬೋಸ್ಟನ್ ಅರ್ಧ ಬೋಳಾಗಿತ್ತು. ಹಾಲಿಯಲ್ಲಿ ಎರಡು ಗರಿ ಜೋತುಬಿದ್ದಿದ್ದವು ಅಷ್ಟೇ. ನೀರು ಹಾಕಿದ ಮರುದಿನ ಅವೂ ಎದ್ದು ನಿಂತವು.

ಒಂದು ದಿನ ಅದರ ಎಲೆ ಮಗುಚಿ ನೋಡಿದರೆ ಅಡಿಯೆಲ್ಲ ಕಂದು ಚುಕ್ಕೆ. ಹುಳ ಬಿತ್ತು ಅಂದುಕೊಂಡು ಬೇವಿನ ಎಣ್ಣೆ ಬೆರೆಸಲು ಹೋದೆ. ಹತ್ತಿರದಿಂದ ನೋಡಿದಾಗ ಗೊತ್ತಾಯಿತು: ಒಂದೇ ಅಳತೆಯ ದುಂಡು ಚುಕ್ಕೆಗಳು, ಅಂಟು ಇಲ್ಲವೇ ಇಲ್ಲ. ಉಗುರಿನಿಂದ ಕೆರೆದರೆ ನಶ್ಯದಂಥ ಪುಡಿ. ಅವು ಬೀಜಕಣಗಳ ಗುಂಪು, ಜರಿಗಿಡಕ್ಕೆ ಬೀಜದ ಬದಲು ಇರುವಂಥವು. ಸುಮ್ನೆ ಬಿಟ್ಟರೆ ಸಾಕು. ಹುಳವಾದರೆ ದಂಟಿನ ಮೇಲೂ ಅಡ್ಡಾದಿಡ್ಡಿ ಕೂತಿರುತ್ತದೆ, ಎಲೆ ಅಂಟಂಟಾಗುತ್ತದೆ.

ಹಾಲಿ ನಿಧಾನಕ್ಕೆ ಬೆಳೆಯುತ್ತದೆ, ಅದೊಂದೇ ಕೊರತೆ. ನೆಡುವಾಗ ಮಾತ್ರ ಚಿಗುರು ಹೊರಡುವ ಬುಡದ ಕಣ್ಣುಗಳನ್ನು ಮಣ್ಣಲ್ಲಿ ಹೂಳಬೇಡಿ, ಕೊಳೆಯುತ್ತವೆ.

ದಿನಾ ನೀರು ಹಾಕಲು ಮನೆಯಲ್ಲಿ ಯಾರಾದರೂ ಇದ್ದರೆ ಬೋಸ್ಟನ್ ತನ್ನಿ. ಕೆಲಸಕ್ಕೆ ಹೋಗುವವರಿಗೆ, ಆಗಾಗ ಊರಿಗೆ ಓಡುವವರಿಗೆ ಹಾಲಿಯೇ ಸರಿ. ಈ ಮಳೆಗಾಲಕ್ಕೆ ನನ್ನ ಹಾಲಿಯ ಬುಡ ಸೀಳಿ, ಅರ್ಧ ಅಕ್ಕನ ಮನೆಗೆ ಕೊಡುತ್ತಿದ್ದೇನೆ.