ಬಡಾವಣೆಯವರೇ ಕಟ್ಟಿದ ಪಾರ್ಕು: ಬೇಸಿಗೆಗೆ 5ಕ್ಕೆ 5, ಮಳೆಗಾಲಕ್ಕೆ 2

ಶಿವಮೊಗ್ಗದ ನಮ್ಮ ಬಡಾವಣೆ ಪಾರ್ಕಿಗೆ ಬೆಳಿಗ್ಗೆ ಆರರೊಳಗೆ ಹೋಗಬೇಕು. ಮೂಲೆಯ ರಂಜದ ಮರದಡಿ ರಾತ್ರಿ ಉದುರಿದ ಹೂ ಹಾಸಿಕೊಂಡಿರುತ್ತದೆ. ಅಜ್ಜಿಯಂದಿರು ಬಾಳೆನಾರು ಹಿಡಿದೇ ಬರುತ್ತಾರೆ. ಹೂವಿನ ನಡುವೆ ತೂತಿರುವುದರಿಂದ ಸೂಜಿ ಬೇಡ, ಒಣಗಿದರೂ ಪರಿಮಳ ಹೋಗುವುದಿಲ್ಲ. ಅವರು ಆರಿಸಿಕೊಂಡ ಮೇಲೆಯೇ ಪೊರಕೆ ಹಿಡಿಯುವುದು ಇಲ್ಲಿನ ರೂಢಿ.

ನಕ್ಷೆಯಲ್ಲಿ ಪಾರ್ಕು ಎಂದು ಬಿಟ್ಟ ಜಾಗವಾದರೂ ಬಹುಕಾಲ ಇಲ್ಲಿದ್ದದ್ದು ಲಾಂಟಾನ, ಕಾಂಗ್ರೆಸ್ ಗಿಡ, ಮನೆ ಕಟ್ಟಿಸಿದವರು ಸುರಿದ ಇಟ್ಟಿಗೆ ಚೂರು. ಪಾರ್ಕಿನ ಜಾಗ ಬೇರೆ ಕೆಲಸಕ್ಕೆ ಹೋಗದಂತೆ ತಡೆಯುವ 1985ರ ರಾಜ್ಯ ಕಾಯ್ದೆ ಇದೆ. ಜಾಗ ಹಸನಾದದ್ದು ಮಾತ್ರ ಭಾನುವಾರದ ಶ್ರಮದಾನದಿಂದ. ಕಾಂಗ್ರೆಸ್ ಗಿಡವನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂ ಬಿಡುವ ಮೊದಲೇ ಬೇರುಸಮೇತ ಕೀಳಬೇಕು. ಬರೀ ಕತ್ತರಿಸಿದರೆ ಬುಡದಿಂದ ಚಿಗುರುತ್ತದೆ. ತುರಿಕೆಯಾಗುವುದರಿಂದ ಕೈಗವಸು ಬೇಕೇ ಬೇಕು. ಕೆಳಗೆ ಜಂಬಿಟ್ಟಿಗೆ ಕಲ್ಲು ಗಟ್ಟಿಯಾಗಿದ್ದುದರಿಂದ ಗಿಡಕ್ಕೆ ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದರು. ಇವತ್ತಿನ ನೇರಳೆ, ಹೊಂಗೆ, ಸಂಪಿಗೆಯ ನೆರಳು ಆ ಗುಂಡಿಗಳ ಫಲ.

ಓಪನ್ ಜಿಮ್ ಎಲ್ಲ ಕಡೆ ಇರುವಂಥದ್ದೇ. ಮಳೆಗಾಲಕ್ಕೆ ಮುಂಚೆ ಬೇರಿಂಗಿಗೆ ಗ್ರೀಸ್ ಹಾಕಿದರೆ ತೊಂದರೆಯಿಲ್ಲ.

ತೊಂದರೆ ಇರುವುದು ವಾಕಿಂಗ್ ದಾರಿಯದು. ಜೂನ್ ಹಿಡಿದರೆ ಇಂಟರ್‌ಲಾಕ್ ಟೈಲ್ಸ್ ಮೇಲೆ ಹಸಿರು ಪಾಚಿ, ಚಪ್ಪಲಿ ಸರ‍್ರನೆ ಜಾರುತ್ತದೆ. ಕಳೆ ಕಿತ್ತು, ಗುಂಡಿ ತೋಡಿ ಪಾರ್ಕು ಕಟ್ಟಿದ ಹಿರಿಯರೇ ಸೆಪ್ಟೆಂಬರ್‌ವರೆಗೆ ಒಳಗೆ ಕಾಲಿಡಲಾರರು. ಇದು ನಿಜಕ್ಕೂ ಹೊಟ್ಟೆ ಉರಿಸುವ ವಿಷಯ.

ಹತ್ತು ಲೀಟರ್ ನೀರಿಗೆ ನೂರು ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ದಾರಿಗೆ ಸುರಿದು ಕಾಲು ಗಂಟೆ ಬಿಟ್ಟು, ಗಟ್ಟಿ ಬ್ರಷ್‌ನಲ್ಲಿ ಉಜ್ಜಿದರೆ ಪಾಚಿ ಹೋಗುತ್ತದೆ. ಆ ನೀರು ಗಿಡದ ಬುಡಕ್ಕೆ ಹರಿಯಬಾರದು, ಆಸಿಡ್ ಜೊತೆ ಬೆರೆಸಲೇಬಾರದು. ಆದರೆ ಕೆಲವೇ ವಾರಗಳಲ್ಲಿ ಪಾಚಿ ಮತ್ತೆ ಹಾಜರ್, ಯಾಕೆಂದರೆ ದಾರಿಯನ್ನು ಮಟ್ಟಸವಾಗಿ ಹಾಸಿದ್ದಾರೆ, ಇಕ್ಕೆಲದ ಅಂಚುಗಲ್ಲು ಟೈಲ್ಸ್‌ಗಿಂತ ಎತ್ತರ. ನೀರು ನಿಲ್ಲುತ್ತದೆ, ಮೇಲಿನಿಂದ ಬಿಸಿಲು ಬೀಳುವುದಿಲ್ಲ. ಕಾಲು ಜಾರದಿರಲು ಅಂಗಳಕ್ಕೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿ ಮಳೆಗಾಲ ಕಳೆಯುವ ಮಲೆನಾಡಿನಲ್ಲಿ ಈ ಗುತ್ತಿಗೆ ಕೆಲಸ ಹೇಗೆ ಪಾಸಾಯಿತೋ!

ಸರಿಪಡಿಸಲು ಹೊಸ ಟೈಲ್ಸ್ ಬೇಡ. ಇದ್ದವನ್ನೇ ಎಬ್ಬಿಸಿ, ಜಲ್ಲಿ ಪದರವನ್ನು ಮತ್ತೆ ದಮ್ಮಸ್ ಮಾಡಿ, ಮೇಲೆ ಒಂದೂವರೆ ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹರಡಿ, ನಾಲ್ಕಡಿ ಅಗಲಕ್ಕೆ ಒಂದಿಂಚು ಇಳಿಜಾರು ಕೊಟ್ಟು ಕೂರಿಸಬೇಕು. ತಗ್ಗಿನ ಕಡೆಯ ಅಂಚುಗಲ್ಲಿಗೆ ಹತ್ತಡಿಗೊಂದು ಕಂಡಿ ಬಿಡಬೇಕು. ದಾರಿಗೆ ಬಿಸಿಲು ಬೀಳುವಂತೆ ಮೇ ಮುಗಿಯುವುದರೊಳಗೆ ಮರಗಳ ಕೆಳಕೊಂಬೆ ಸವರಬೇಕು, ತುದಿ ಮುಟ್ಟಬಾರದು. ದುಡ್ಡು ಸಾಲದಿದ್ದರೆ ಈ ವರ್ಷ ನೇರಳೆ ಸಾಲಿನ ಕೆಳಗಿನ ದಾರಿಯಷ್ಟನ್ನೇ ಮಾಡಿಸಿ, ಅತಿ ಹೆಚ್ಚು ಜಾರುವುದು ಅಲ್ಲೇ.