ಒಟಿಪಿ ಹೇಳದಿದ್ದರೂ ದುಡ್ಡು ಹೋಯಿತು: ಸ್ಕಾಲರ್‌ಶಿಪ್ ಹೆಸರಿನಲ್ಲಿ ಮಕ್ಕಳಿಗೆ ಬರುವ ಫೋನ್ ಬಗ್ಗೆ ಎಚ್ಚರ

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಹೀಗೆ 40 ಸಾವಿರದಷ್ಟು ಹೋಯಿತು. ಅದು ಹಿಂದಿನ ಬೆಳೆಯ ರೇಷ್ಮೆ ಗೂಡು ಮಾರಿ ಬಂದ ದುಡ್ಡು. ಚಾಕಿ ಹುಳ (ಮರಿ ರೇಷ್ಮೆ ಹುಳ) ತರಲು, ಕೂಲಿ ಕೊಡಲು ಅಂತ ಭಾವ ಅಕೌಂಟಿನಲ್ಲೇ ಇಟ್ಟಿದ್ದರು.

ಅವತ್ತು ಹುಳ ಹಣ್ಣಾಗಿದ್ದವು. ಗೂಡು ಕಟ್ಟಲು ಅವನ್ನು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಬಿಡುವ ದಿನ ಮನೆಯ ದೊಡ್ಡವರಿಗೆ ಉಸಿರಾಡಲೂ ಪುರುಸೊತ್ತು ಇರಲ್ಲ. ರೇಷ್ಮೆ ಸಾಕುವವರಿಗೆ ಇದು ಗೊತ್ತೇ ಇದೆ. ಭಾವನ ಫೋನ್ ಎಂಟನೇ ಕ್ಲಾಸಿನ ಮಗನ ಕೈಯಲ್ಲಿತ್ತು. ಸಂಜೆ ಒಂದು ಕರೆ ಬಂತು. 'ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ವಿಭಾಗದಿಂದ' ಅಂದ ಆ ಕಡೆಯವನು. ಎಸ್‌ಎಸ್‌ಪಿ ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್. ಹುಡುಗನ ಹೆಸರು, ತಂದೆ ಹೆಸರು, ಶಾಲೆ, ತರಗತಿ, ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ) ಎಲ್ಲವನ್ನೂ ಅವನೇ ಓದಿದ. ಮಾತು ನಮ್ಮ ಕಡೆಯ ತೆಲುಗು ಬೆರೆತ ಕನ್ನಡವೇ. ಮೋಸದ ಫೋನ್ ಅಂದರೆ ಹಿಂದಿಯಲ್ಲಿ ಬರುತ್ತೆ ಅಂತ ನಂಬಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆ ನಂಬಿಕೆ ಬಿಟ್ಟುಬಿಡಿ.

'ನಿನ್ನ ದುಡ್ಡು ಬಂದಿದೆ, ಅಕೌಂಟ್ ಪರಿಶೀಲನೆ ಆಗಿಲ್ಲ, ಇವತ್ತೇ ಕಡೇ ದಿನ' ಅಂತ ಹೇಳಿ ವಾಟ್ಸ್‌ಆ್ಯಪ್‌ಗೆ ಒಂದು ಫೈಲ್ ಕಳಿಸಿದ. ಅದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್‌ಗೆ ಹೋಗದೆ ನೇರವಾಗಿ ಫೋನಿಗೆ ಇಳಿಯುವ ಆ್ಯಪ್. ಸರ್ಕಾರದ 'ಡಿಬಿಟಿ ಕರ್ನಾಟಕ' (ಅಕೌಂಟಿಗೆ ಬರುವ ಸರ್ಕಾರಿ ದುಡ್ಡಿನ ವಿವರ ತೋರಿಸುವುದು) ಅನ್ನೋ ನಿಜವಾದ ಆ್ಯಪ್ ಪ್ಲೇ ಸ್ಟೋರ್‌ನಲ್ಲಿದೆ. ಅದರ ಹೆಸರನ್ನು ಹುಡುಗ ಮನೆಯಲ್ಲೇ ಕೇಳಿದ್ದ. ಹಾಗಾಗಿ ಇದೂ ಅಂಥದ್ದೇ ಅಂದುಕೊಂಡ. ತೆರೆದಾಗ ಸರ್ಕಾರದ ಲಾಂಛನ ಇತ್ತು, ಆಮೇಲೆ ಒಂದು ಫಾರ್ಮ್. ಹುಟ್ಟಿದ ದಿನಾಂಕ, ಆಧಾರ್, ಎಟಿಎಂ ಕಾರ್ಡ್ ನಂಬರ್, ಅದರ ಅವಧಿ ಕೇಳಿತು. ಕಾರ್ಡ್ ಬೀರುವಿನಲ್ಲೇ ಇತ್ತು. ತುಂಬಿಸಿದ. ಎಸ್‌ಎಂಎಸ್ ನೋಡಲು ಅನುಮತಿ ಕೇಳಿತು, ಒತ್ತಿದ.

ಅವನ ಶಾಲೆಯಲ್ಲಿ ಸೈಬರ್ ಸುರಕ್ಷತೆಯ ಪಾಠ ಆಗಿತ್ತು. ಗೋಡೆಯ ಮೇಲೆ 'ಒಟಿಪಿ ಯಾರಿಗೂ ಹೇಳಬೇಡಿ' ಅನ್ನೋ ಪೋಸ್ಟರ್ ಇದೆ. ನಮ್ಮ ಹುಡುಗ ಹೇಳಲಿಲ್ಲ. ಆ ಕಡೆಯವನು ಕೇಳಲೂ ಇಲ್ಲ! ಒಟಿಪಿ ಬಂದ ತಕ್ಷಣ ಆ ಆ್ಯಪ್ಪೇ ಮೆಸೇಜ್ ಓದಿ ಅವನಿಗೆ ಕಳಿಸುತ್ತಿತ್ತು. ಪಾಠದಲ್ಲಿ ಹೇಳಿದಂತೆಯೇ ನಡೆದುಕೊಂಡ ಮಗು ಇದು. ಅವನನ್ನು ದಡ್ಡ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಹಳೆಯ ಮೋಸಕ್ಕೆ ಮಾಡಿದ ಪೋಸ್ಟರ್ ಅದು. ಗೋಡೆಯ ಮೇಲೆ ಅದೊಂದೇ ಇದ್ದರೆ ಸಾಲದು.

ಇದಕ್ಕಿಂತ ಹೊಟ್ಟೆ ಉರಿಯುವುದು ಆಮೇಲೆ ಆದದ್ದಕ್ಕೆ. ಸಂಜೆಯೇ ಅರ್ಧ ದುಡ್ಡು ಹೋದ ಮೆಸೇಜ್ ಬಂತು. ಹುಡುಗ ನೋಡಿದ. ಹೆದರಿದ. 'ಮನೆಯಲ್ಲಿ ಹೇಳಿದರೆ ನಿಮ್ಮಪ್ಪನ ಮೇಲೆ ಕೇಸಾಗುತ್ತೆ' ಅಂತ ಆ ಮನುಷ್ಯ ಬೆದರಿಸಿಯೂ ಇದ್ದ. ಊಟ ಬೇಡ ಅಂತ ಮಲಗಿಬಿಟ್ಟ. ಉಳಿದ ದುಡ್ಡು ಹೋಗಿದ್ದು ರಾತ್ರಿ ಹನ್ನೆರಡು ದಾಟಿದ ಮೇಲೆ. ಸಂಜೆಯೇ ಬಾಯಿಬಿಟ್ಟಿದ್ದರೆ ಬ್ಯಾಂಕಿಗೆ ಹೇಳಿ ಅಕೌಂಟ್ ನಿಲ್ಲಿಸಬಹುದಿತ್ತು, ಆ ಅರ್ಧವಾದರೂ ಉಳಿಯುತ್ತಿತ್ತು. ಬೆಳಿಗ್ಗೆ ಅಕ್ಕ ತಲೆ ಸವರಿ ಕೇಳಿದಾಗ ಅಳುತ್ತಾ ಹೇಳಿದ.

ನನಗೆ ಫೋನ್ ಬಂದ ಕೂಡಲೇ ಮೊದಲು ಸಿಮ್ ತೆಗೆಸಿ, ಇಂಟರ್‌ನೆಟ್ ಆಫ್ ಮಾಡಿಸಿದೆ. ಬೇರೆ ಫೋನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಅಲ್ಲಿ ಅಕೌಂಟ್ ನಂಬರ್, ದುಡ್ಡು ಹೋದ ಸಮಯ, ಮೊತ್ತ, ಬ್ಯಾಂಕ್ ಮೆಸೇಜಿನಲ್ಲಿರುವ ವಹಿವಾಟು ಸಂಖ್ಯೆ ಕೇಳುತ್ತಾರೆ. ಇವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಕರೆ ಮಾಡಿ. ದುಡ್ಡು ಯಾವ ಅಕೌಂಟಿಗೆ ಹೋಗಿದೆಯೋ ಆ ಬ್ಯಾಂಕಿಗೆ ಅಲ್ಲಿಂದಲೇ ಸೂಚನೆ ಹೋಗುತ್ತದೆ. ಅಷ್ಟರಲ್ಲಿ ಮೋಸಗಾರರು ತೆಗೆದುಕೊಂಡಿರದಿದ್ದರೆ ತಡೆಹಿಡಿಯುತ್ತಾರೆ. ನಮ್ಮದರಲ್ಲಿ ಸ್ವಲ್ಪ ತಡೆಯಾಗಿದೆ, ಜಾಸ್ತಿ ಪಾಲು ಬೇರೆ ಬೇರೆ ಅಕೌಂಟುಗಳಿಗೆ ಹಂಚಿಹೋಗಿತ್ತು. ಆಮೇಲೆ ಚಿಕ್ಕಬಳ್ಳಾಪುರದ ಸಿಇಎನ್ ಪೊಲೀಸ್ ಠಾಣೆಗೆ ಹೋದೆವು. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆ ಅಂತ ಇರುವ ಇಂಥ ಠಾಣೆ ಕೋಲಾರ, ತುಮಕೂರಿನಲ್ಲೂ ಇದೆ. ಬ್ಯಾಂಕಿಗೂ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನೀವು ತಿಳಿಸಿದ ನಂತರ ಅಕೌಂಟಿನಿಂದ ಹೀಗೆ ಹೋಗುವ ದುಡ್ಡಿಗೆ ಬ್ಯಾಂಕೇ ಹೊಣೆ ಅಂತ ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತದೆ. ಫೋನನ್ನು ಪೂರ್ತಿ ರೀಸೆಟ್ ಮಾಡಿಸಬೇಕು, ಸುಮ್ನೆ ಆ್ಯಪ್ ಅಳಿಸಿದರೆ ಸಾಲದು. ಆದರೆ ಅದಕ್ಕೂ ಮೊದಲು ಆ ಕರೆ, ಚಾಟ್‌ಗಳ ಫೋಟೋ ತೆಗೆದಿಡಿ, ದೂರಿಗೆ ಬೇಕಾಗುತ್ತದೆ.

ಈಗ ಶಾಲೆಯ ವಿಷಯ. ಹೆಸರು ಬರೆಯುವುದಿಲ್ಲ, ಯಾಕಂದರೆ ಎಷ್ಟೋ ಶಾಲೆಗಳಲ್ಲಿ ಇದೇ ನಡೆಯುತ್ತಿದೆ ಅಂತ ನನಗನ್ನಿಸುತ್ತದೆ. ಅಷ್ಟು ವಿವರ ಅವನಿಗೆ ಎಲ್ಲಿಂದ ಸಿಕ್ಕಿತು ಅಂತ ಹುಡುಕಿದಾಗ ಪೋಷಕರ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಒಂದು ಪಿಡಿಎಫ್ ಸಿಕ್ಕಿತು. ಸ್ಕಾಲರ್‌ಶಿಪ್‌ಗೆ ಅರ್ಹರಾದ ಮಕ್ಕಳ ಪಟ್ಟಿ. ಹೆಸರು, ತಂದೆ ಹೆಸರು, ಸ್ಯಾಟ್ಸ್ ನಂಬರ್, ಮೊಬೈಲ್, ಬ್ಯಾಂಕ್, ಎಲ್ಲಾ ಇದೆ. ಅದರಲ್ಲಿ ಭಾವನ ಇನಿಷಿಯಲ್ ತಪ್ಪಾಗಿ ಟೈಪಾಗಿದೆ. ಫೋನ್ ಮಾಡಿದವನೂ ಅದೇ ತಪ್ಪು ಇನಿಷಿಯಲ್ ಓದಿದ್ದ, ಹುಡುಗನಿಗೆ ಚೆನ್ನಾಗಿ ನೆನಪಿದೆ. ಗ್ರೂಪ್ ಸೇರುವ ಲಿಂಕ್ ಊರೆಲ್ಲಾ ಓಡಾಡಿದೆ. ಯಾರದೆಂದು ಯಾರಿಗೂ ಗೊತ್ತಿಲ್ಲದ ನಂಬರ್‌ಗಳು ಅದರಲ್ಲಿವೆ.

ಮೇಷ್ಟ್ರು ಕೆಟ್ಟ ಉದ್ದೇಶದಿಂದ ಮಾಡಿಲ್ಲ. ಮಕ್ಕಳಿಗೆ ದುಡ್ಡು ಬೇಗ ಬರಲಿ ಅಂತಲೇ ಹಾಕಿದ್ದಾರೆ. ಆದರೂ ಇದು ನಿಲ್ಲಲೇಬೇಕು. ಪಟ್ಟಿ ಬೇಕಿದ್ದರೆ ಆಯಾ ಪೋಷಕರಿಗೆ ಬೇರೆಯಾಗಿ ಕಳಿಸಲಿ. ಹಳೇ ಲಿಂಕ್ ರೀಸೆಟ್ ಮಾಡಲಿ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೆ ಸೇರಿಸುವ ಸೆಟ್ಟಿಂಗ್ ವಾಟ್ಸ್‌ಆ್ಯಪ್‌ನಲ್ಲೇ ಇದೆ. ಆಧಾರ್ ಕೇಳಿದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದಾ ಅಂತ ನಾವೂ ಕೇಳಬೇಕು.

ಮಕ್ಕಳಿಗೆ ಏನು ಹೇಳಬೇಕು ಅಂದರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಆ್ಯಪ್ ಯಾರೇ ಕಳಿಸಿದರೂ ಹಾಕಬೇಡಿ. ಎಸ್‌ಎಂಎಸ್ ಓದಲು ಬಿಡು ಅಂತ ಯಾವ ಆ್ಯಪ್ ಕೇಳಿದರೂ ದೊಡ್ಡವರಿಗೆ ತೋರಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಟ್ಸ್‌ಆ್ಯಪ್‌ನಿಂದ ಆ್ಯಪ್ ಇಳಿಸುವ ಅನುಮತಿಯನ್ನು ನೀವೇ ಆಫ್ ಮಾಡಿಡಿ. ಎಲ್ಲಕ್ಕಿಂತ ಮೊದಲು, 'ಏನೇ ಆಗಿರಲಿ, ತಕ್ಷಣ ಹೇಳು, ನಾನು ಬೈಯಲ್ಲ' ಅಂತ ಇವತ್ತೇ ಮಗುವಿನ ಕಣ್ಣು ನೋಡಿ ಹೇಳಿ. ಶಾಲೆಯಲ್ಲೂ ಇದನ್ನೇ ಮೊದಲ ಪಾಠ ಮಾಡಬೇಕು ಅಂತ ಪೋಷಕರ ಸಭೆಯಲ್ಲಿ ನಾನೂ ಅಕ್ಕನೂ ಕೇಳಿದ್ದೇವೆ. ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಲಿಂಕ್ ಬದಲಾಗಿದೆ.

ಆ ಪಿಡಿಎಫ್ ಮಾತ್ರ ಇನ್ನೂ ಎಷ್ಟೋ ಫೋನುಗಳಲ್ಲಿ ಹಾಗೇ ಇದೆ. ಅದರಲ್ಲಿ ಹೆಸರಿರುವ ಮನೆಗಳಿಗೆ ನಾವೇ ಹೋಗಿ ವಿಷಯ ತಿಳಿಸುತ್ತಿದ್ದೇವೆ. ನಿಮ್ಮ ಮಕ್ಕಳ ಶಾಲೆಯ ಗ್ರೂಪನ್ನೂ ಒಮ್ಮೆ ಹಿಂದಕ್ಕೆ ಸರಿಸಿ ನೋಡಿ. ಇಂಥ ಪಟ್ಟಿ ಕಂಡರೆ ಅದನ್ನು ಬೇರೆಯವರಿಗೆ ಕಳಿಸದೆ ನೇರ ಹೆಡ್‌ಮಾಸ್ಟರ್‌ಗೆ ತೋರಿಸಿ.